ದಸರಾ ಸಾಂಗವಾಗಿ ಮುಗಿಯಿತು, ಮೈಸೂರಿಗೆ ಮೇಯರ್ ಯಾವಾಗ?

2025ರ ದಸರಾ ಮುಗಿಯಿತು. ಸೆಪ್ಟೆಂಬರ್ 22ರಂದು ಚಾಮುಂಡಿ ಬೆಟ್ಟದಲ್ಲಿ ಬಾನು ಮುಷ್ತಾಕ್ ಅವರು ಉದ್ಘಾಟನೆ ಮಾಡಿದರು. ಈ ಸಲ ಹಬ್ಬ 11 ದಿನ. ಅಕ್ಟೋಬರ್ 2ರಂದು ಅಭಿಮನ್ಯು ಚಿನ್ನದ ಅಂಬಾರಿ ಹೊತ್ತು ಅರಮನೆಯಿಂದ ಬನ್ನಿಮಂಟಪದ ಕಡೆ ಹೆಜ್ಜೆ ಹಾಕಿದ. ದೀಪಾಲಂಕಾರ ನೋಡಲು ಜನ ಕಿಕ್ಕಿರಿದರು.

ಅದರ ಬೆನ್ನಲ್ಲೇ ಊರಿನಲ್ಲಿ ಎರಡು ಸುದ್ದಿ ಒಟ್ಟಿಗೆ ಹರಿದಾಡುತ್ತಿವೆ. ಸುತ್ತಲಿನ ಊರುಗಳನ್ನು ಸೇರಿಸಿ ‘ಬೃಹತ್ ಮೈಸೂರು ಮಹಾನಗರ ಪಾಲಿಕೆ’ ಮಾಡುತ್ತಾರಂತೆ ಎಂಬುದು ಒಂದು. ಪಾಲಿಕೆ ಚುನಾವಣೆ ಬರುತ್ತದಂತೆ ಎಂಬುದು ಇನ್ನೊಂದು. ಓದುವವರಿಗೆ ಗೊಂದಲ ಸಹಜ. ಎರಡೂ ಒಟ್ಟಿಗೆ ಆಗುತ್ತವಾ? ಯಾವುದು ಮೊದಲು? ಮೇಯರ್ ಇಲ್ಲದೆಯೇ ಇಷ್ಟು ದೊಡ್ಡ ಹಬ್ಬ ಚೆನ್ನಾಗಿ ನಡೆಯಿತಲ್ಲ, ಹಾಗಿದ್ದ ಮೇಲೆ ಕಾರ್ಪೊರೇಟರ್‌ಗಳು ಇಲ್ಲದಿದ್ದರೆ ನಷ್ಟ ಏನು?

ಈ ಕೊನೆಯ ಪ್ರಶ್ನೆಯನ್ನು ಬಹಳ ಜನ ಪ್ರಾಮಾಣಿಕವಾಗಿಯೇ ಕೇಳುತ್ತಾರೆ. ಅದಕ್ಕೆ ಪ್ರಾಮಾಣಿಕ ಉತ್ತರವೂ ಬೇಕು. ದಸರಾ ಎಂದೂ ಕಾರ್ಪೊರೇಟರ್‌ಗಳ ಸಭೆಯಾದ ಪಾಲಿಕೆ ಕೌನ್ಸಿಲ್ ಮೇಲೆ ನಿಂತಿರಲಿಲ್ಲ. ಆದ್ದರಿಂದ ಹಬ್ಬ ಚೆನ್ನಾಗಿ ಆಯಿತು ಎನ್ನುವುದು ಕೌನ್ಸಿಲ್ ಬೇಡ ಎಂಬುದಕ್ಕೆ ಸಾಕ್ಷಿ ಆಗಲಾರದು. ಕೌನ್ಸಿಲ್ ಮೇಲೆ ನಿಂತಿರುವ ಕೆಲಸಗಳು ಬೇರೆ ಇವೆ. ಅವು ಅಂಬಾರಿ ಸಾಗುವ ರಸ್ತೆಯಲ್ಲಿ ಕಾಣುವುದಿಲ್ಲ, ಅದರ ಪಕ್ಕದ ಅಡ್ಡರಸ್ತೆಗಳಲ್ಲಿ ಕಾಣುತ್ತವೆ.

ಕುರ್ಚಿ ಖಾಲಿಯಾದದ್ದು ಹೇಗೆ

ಮೈಸೂರು ಪಾಲಿಕೆಯಲ್ಲಿ 65 ವಾರ್ಡ್‌ಗಳಿವೆ. ಕೊನೆಯ ಸಲ ಮತದಾನ ನಡೆದದ್ದು 2018ರ ಆಗಸ್ಟ್ 31ರಂದು. ಬಿಜೆಪಿಗೆ 22, ಕಾಂಗ್ರೆಸ್‌ಗೆ 19, ಜೆಡಿಎಸ್‌ಗೆ 18, ಬಿಎಸ್‌ಪಿಗೆ 1, ಪಕ್ಷೇತರರಿಗೆ 5 ಸ್ಥಾನ ಬಂದವು. ಯಾರಿಗೂ ಬಹುಮತ ಇರಲಿಲ್ಲ. ಹೊಂದಾಣಿಕೆ ಮೇಲೆ ಐವರು ಮೇಯರ್‌ಗಳು ಬಂದು ಹೋದರು.

ಸಂವಿಧಾನದ 243ಯು ವಿಧಿ ಪ್ರಕಾರ ನಗರ ಸಂಸ್ಥೆಯ ಅವಧಿ ಐದು ವರ್ಷ. ಈ ಐದು ವರ್ಷದ ಲೆಕ್ಕ ಶುರುವಾಗುವುದು ಮತದಾನದ ದಿನದಿಂದ ಅಲ್ಲ, ಕೌನ್ಸಿಲ್‌ನ ಮೊದಲ ಸಭೆಗೆ ಗೊತ್ತು ಮಾಡಿದ ದಿನದಿಂದ. ಮೈಸೂರಿನಲ್ಲಿ ಆ ಮೊದಲ ಸಭೆ, ಮೇಯರ್ ಆಯ್ಕೆಯೊಂದಿಗೆ, 2018ರ ನವೆಂಬರ್ 17ರಂದು ನಡೆಯಿತು. ಹಾಗಾಗಿ 2023ರ ನವೆಂಬರ್ 16ಕ್ಕೆ ಅವಧಿ ಮುಗಿಯಿತು. ಆ ವರ್ಷದ ಜಂಬೂ ಸವಾರಿ ಅಕ್ಟೋಬರ್ 24ರಂದು. ಅಂದರೆ ಹಬ್ಬ ಮುಗಿದ ಮೂರೇ ವಾರಕ್ಕೆ ಕೌನ್ಸಿಲ್ ಇಲ್ಲವಾಯಿತು. 2024ರ ದಸರಾ, 2025ರ ದಸರಾ ಎರಡೂ ಚುನಾಯಿತ ಮಂಡಳಿ ಇಲ್ಲದೆಯೇ ನಡೆದವು.

ಕೌನ್ಸಿಲ್ ಹೋದ ಮೇಲೆ ಅದರ ಅಧಿಕಾರ ಆಡಳಿತಾಧಿಕಾರಿಗೆ ಬರುತ್ತದೆ. ಮೈಸೂರಿನಲ್ಲಿ ಪ್ರಾದೇಶಿಕ ಆಯುಕ್ತರು ಆಡಳಿತಾಧಿಕಾರಿ. ಅವರ ವ್ಯಾಪ್ತಿಗೆ ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ, ಕೊಡಗು, ಚಿಕ್ಕಮಗಳೂರು, ದಕ್ಷಿಣ ಕನ್ನಡ, ಉಡುಪಿ ಎಂಟೂ ಜಿಲ್ಲೆ ಬರುತ್ತವೆ. ಅಷ್ಟು ಹೊಣೆಯ ಜೊತೆಗೆ 65 ಸದಸ್ಯರು ಮತ್ತು ನಾಲ್ಕು ಸ್ಥಾಯಿ ಸಮಿತಿಗಳು ಮಾಡಬೇಕಾದ ತೀರ್ಮಾನಗಳೂ ಒಬ್ಬರ ಮೇಜಿಗೆ ಬಂದಿವೆ. ಆ ಕುರ್ಚಿಯಲ್ಲಿ ಎಷ್ಟೇ ದಕ್ಷರು ಕೂತರೂ ಒಂದು ದಿನಕ್ಕೆ ಇರುವುದು 24 ಗಂಟೆಯೇ.

ದಸರಾ ನಡೆಸುವವರು ಯಾರು

ನಾಡಹಬ್ಬದ ಯಜಮಾನಿಕೆ ರಾಜ್ಯ ಸರ್ಕಾರದ್ದು. ಮುಖ್ಯಮಂತ್ರಿ ಅಧ್ಯಕ್ಷತೆಯ ಉನ್ನತ ಮಟ್ಟದ ಸಮಿತಿ ಹಬ್ಬ ಹೇಗಿರಬೇಕು ಎಂದು ತೀರ್ಮಾನಿಸುತ್ತದೆ. ಜಿಲ್ಲಾ ಉಸ್ತುವಾರಿ ಸಚಿವರು ಕಾರ್ಯಕಾರಿ ಸಮಿತಿಯನ್ನು ನೋಡಿಕೊಳ್ಳುತ್ತಾರೆ. ಜಿಲ್ಲಾಧಿಕಾರಿ ದಸರಾ ವಿಶೇಷಾಧಿಕಾರಿ. ಅವರ ಕೆಳಗೆ ಉಪಸಮಿತಿಗಳು: ಮೆರವಣಿಗೆ, ಪಂಜಿನ ಕವಾಯತು, ಯುವ ದಸರಾ, ರೈತ ದಸರಾ, ಮಹಿಳಾ ದಸರಾ, ಆಹಾರ ಮೇಳ, ಕುಸ್ತಿ, ಕವಿಗೋಷ್ಠಿ, ಸ್ತಬ್ಧಚಿತ್ರ, ದೀಪಾಲಂಕಾರ ಹೀಗೆ ಪಟ್ಟಿ ಉದ್ದ ಇದೆ. ಪ್ರತಿ ಉಪಸಮಿತಿಯಲ್ಲೂ ಹೊಣೆ ಹೊರುವವರು ಅಧಿಕಾರಿಗಳು. ಅಧಿಕಾರೇತರ ಅಧ್ಯಕ್ಷ, ಉಪಾಧ್ಯಕ್ಷರನ್ನು ಸರ್ಕಾರ ನೇಮಿಸುತ್ತದೆ.

ಕೆಲಸದ ಹಂಚಿಕೆಯನ್ನೂ ನೋಡಿ. ಆನೆಗಳು ಅರಣ್ಯ ಇಲಾಖೆಯವು. ಗಜಪಯಣ ವೀರನಹೊಸಹಳ್ಳಿಯಿಂದ ಹೊರಟಾಗಿನಿಂದ ಆನೆಗಳು ಕಾಡಿಗೆ ಮರಳುವ ತನಕ ಮಾವುತ, ಕಾವಾಡಿಗಳ ಸಮೇತ ಎಲ್ಲ ಹೊಣೆ ಅವರದು. ಅರಮನೆ ಅಂಗಳ ಅರಮನೆ ಮಂಡಳಿಯದು. ಖಾಸಗಿ ದರ್ಬಾರ್ ರಾಜಮನೆತನದ್ದು. ರಸ್ತೆ, ವೃತ್ತಗಳ ದೀಪಾಲಂಕಾರ ವಿದ್ಯುತ್ ಸರಬರಾಜು ಕಂಪನಿ ಸೆಸ್ಕ್‌ನದು. ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನ ತೋಟಗಾರಿಕೆ ಇಲಾಖೆಯದು. ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನಕ್ಕೆ ಅದರದೇ ಪ್ರಾಧಿಕಾರ ಇದೆ. ಬಂದೋಬಸ್ತು, ಸಂಚಾರ ಪೊಲೀಸರದು. ಪಕ್ಕದ ಶ್ರೀರಂಗಪಟ್ಟಣದಲ್ಲೂ ಇದೇ ರೀತಿ. 1610ರಲ್ಲಿ ರಾಜ ಒಡೆಯರು ಹಬ್ಬ ಶುರು ಮಾಡಿದ ಆ ಊರಿನ ದಸರಾವನ್ನು ಈಗ ಮಂಡ್ಯ ಜಿಲ್ಲಾಡಳಿತ ನಡೆಸುತ್ತದೆ.

ಪಾಲಿಕೆ ಪಾಲಿಗೆ ಬರುವುದು ಕಸ, ಗುಂಡಿ, ಶೌಚಾಲಯ, ಕುಡಿಯುವ ನೀರು, ಫುಟ್‌ಪಾತ್. ಸದ್ದಿಲ್ಲದ ಕೆಲಸಗಳು ಇವು. ಲಕ್ಷಾಂತರ ಜನ ಸೇರಿ ಹೋದ ರಸ್ತೆಯನ್ನು ರಾತ್ರೋರಾತ್ರಿ ಗುಡಿಸುವ ಪೌರಕಾರ್ಮಿಕರು ಇಲ್ಲದೆ ಹಬ್ಬದ ಮರುದಿನ ಊರು ಕಣ್ಣು ಬಿಡಲಾರದು. ಆದರೆ ಈ ಕೆಲಸಗಳನ್ನು ಮಾಡಿಸುವವರು ಆಯುಕ್ತರು, ಆರೋಗ್ಯಾಧಿಕಾರಿಗಳು, ಎಂಜಿನಿಯರ್‌ಗಳು, ಒಂಬತ್ತು ವಲಯ ಕಚೇರಿಗಳ ಸಿಬ್ಬಂದಿ. ಕೌನ್ಸಿಲ್ ಇದ್ದಾಗಲೂ ಅವರೇ ಮಾಡಿಸುತ್ತಿದ್ದರು.

ಮೇಯರ್‌ಗೆ ಇದ್ದದ್ದು ಗೌರವದ ಪಾತ್ರ. ಮೆರವಣಿಗೆಯಲ್ಲಿ ಮೇಯರ್ ಕುದುರೆ ಏರಿ ಸಾಗುವ ರೂಢಿ ಇತ್ತು. ನಗರದ ಪ್ರಥಮ ಪ್ರಜೆ ಎಂಬ ಸ್ಥಾನಕ್ಕೆ ಸಿಗುತ್ತಿದ್ದ ಮರ್ಯಾದೆ ಅದು. ಅದು ಸಣ್ಣದಲ್ಲ, ಆದರೆ ಅದರಿಂದ ಹಬ್ಬ ನಿಲ್ಲುವುದೂ ಇಲ್ಲ. 2018ರಲ್ಲಿ ಕೂಡ ಇದೇ ಆಯಿತು. ಮತ ಎಣಿಕೆ ಸೆಪ್ಟೆಂಬರ್ 3ಕ್ಕೇ ಮುಗಿದಿತ್ತು. ಮೇಯರ್, ಉಪಮೇಯರ್ ಮೀಸಲಾತಿ ಪಟ್ಟಿ ಕೋರ್ಟ್ ಮೆಟ್ಟಿಲೇರಿದ್ದರಿಂದ ಗೆದ್ದ 65 ಜನರೂ ಕಾದು ಕೂತರು. ಅಕ್ಟೋಬರ್‌ನ ದಸರಾ ಮೇಯರ್ ಇಲ್ಲದೆಯೇ ಆಯಿತು.

ಹಾಗಾದರೆ ಕಾರ್ಪೊರೇಟರ್ ಯಾಕೆ ಬೇಕು

ಮದುವೆ ಮಾಡುವುದು ಬೇರೆ, ಸಂಸಾರ ನಡೆಸುವುದು ಬೇರೆ. ದಸರಾಕ್ಕೆ ದಿನಾಂಕ ಗೊತ್ತಿರುತ್ತದೆ, ದುಡ್ಡು ಬರುತ್ತದೆ, ಮುಖ್ಯಮಂತ್ರಿಯೇ ಬಂದು ನೋಡುತ್ತಾರೆ. ಆ ಒತ್ತಡಕ್ಕೆ ಸಯ್ಯಾಜಿರಾವ್ ರಸ್ತೆಯ ಗುಂಡಿ ಮುಚ್ಚಿಯೇ ಮುಚ್ಚುತ್ತದೆ. ಗೋಕುಲಂ, ಕ್ಯಾತಮಾರನಹಳ್ಳಿ, ಉದಯಗಿರಿ, ಕುವೆಂಪುನಗರದ ಒಳರಸ್ತೆಗಳಿಗೆ ಅಂಥ ಒತ್ತಡ ಎಲ್ಲಿಂದ ಬರಬೇಕು? ಆ ಒತ್ತಡ ತರುವುದಕ್ಕೆಂದೇ ವಾರ್ಡಿಗೊಬ್ಬ ಸದಸ್ಯ ಇರುವುದು.

ಸರಳವಾಗಿ ಹೇಳುವುದಾದರೆ ಪಾಲಿಕೆಯ ಕೆಲಸದಲ್ಲಿ ಎರಡು ಬಗೆ. ಒಂದು, ಹೇಗೆ ಮಾಡಬೇಕು ಎಂಬುದು. ಅದನ್ನು ಅಧಿಕಾರಿಗಳು ಬಲ್ಲರು. ಇನ್ನೊಂದು, ಯಾವುದನ್ನು ಮೊದಲು ಮಾಡಬೇಕು, ಯಾರ ದುಡ್ಡಿನಲ್ಲಿ, ಯಾರಿಗೆ ತೊಂದರೆಯಾದರೂ ಪರವಾಗಿಲ್ಲ ಎಂಬುದು. ಈ ಎರಡನೆಯದನ್ನು ತೀರ್ಮಾನಿಸುವಾಗ ಊರಿನ ಜನರ ನಡುವೆಯೇ ಒಮ್ಮತ ಇರುವುದಿಲ್ಲ. ಯಾರಾದರೊಬ್ಬರು ಸೋಲಬೇಕು. ಸೋತವರಿಗೆ ತಮ್ಮ ಮಾತನ್ನು ಯಾರೋ ಎದ್ದು ನಿಂತು ಹೇಳಿದರು ಎಂಬ ಸಮಾಧಾನ ಆದರೂ ಸಿಗಬೇಕು. ಕೌನ್ಸಿಲ್ ಸಭೆ ಇರುವುದು ಅದಕ್ಕೆ.

ಇದಕ್ಕೆ ಮೆರವಣಿಗೆ ದಾರಿಯಲ್ಲೇ ಉದಾಹರಣೆ ಸಿಗುತ್ತದೆ. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿಯಿತು. ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಕಡೆ 2016ರಲ್ಲಿ ಬಿತ್ತು. ಕೆಡವಿ ಹೊಸದಾಗಿ ಕಟ್ಟಬೇಕಾ, ಉಳಿಸಿ ರಿಪೇರಿ ಮಾಡಬೇಕಾ? ಪಾರಂಪರಿಕ ಕಟ್ಟಡ ಎನ್ನುವವರ ವಾದ ಒಂದು, ಜೀವಕ್ಕೆ ಅಪಾಯ ಎನ್ನುವವರ ವಾದ ಒಂದು, ದಿನದ ದುಡಿಮೆ ನಂಬಿ ಕೂತ ಅಂಗಡಿಯವರ ಆತಂಕ ಮತ್ತೊಂದು. ಎಂಜಿನಿಯರ್ ವರದಿ ಇಲ್ಲಿ ಬೇಕು, ಆದರೆ ಅದೊಂದೇ ಸಾಲದು. ಬಾಡಿಗೆದಾರರನ್ನು ಎಲ್ಲಿಗೆ ಕಳಿಸುವುದು, ಮತ್ತೆ ಮಳಿಗೆ ಕೊಡುವಾಗ ಯಾರಿಗೆ ಮೊದಲ ಹಕ್ಕು ಎಂಬುದು ಊರು ಕೂತು ಮಾತಾಡಬೇಕಾದ ವಿಷಯ.

ಕಸದ ವಿಷಯವೂ ಹೀಗೆಯೇ. 2015ರ ಸ್ವಚ್ಛ ನಗರಗಳ ಪಟ್ಟಿಯಲ್ಲಿ, ಮತ್ತೆ 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶಕ್ಕೆ ಮೊದಲ ಸ್ಥಾನ ಪಡೆದ ಊರು ಇದು. ಆ ಹೆಸರಿನ ಹಿಂದೆ, ಊರಿನ ಕಸ ಹೋಗಿ ಬೀಳುವ ವಿದ್ಯಾರಣ್ಯಪುರಂನ ಸೂಯೇಜ್ ಫಾರಂ ಸುತ್ತ ವಾಸಿಸುವವರ ವಾಸನೆಯ ಸಂಕಟ ಇದೆ. ಕಸ ಸಂಸ್ಕರಣೆಗೆ ಹೊಸ ಜಾಗ ಹುಡುಕಿದರೆ ಆ ಜಾಗದ ಅಕ್ಕಪಕ್ಕದವರು ಬೇಡ ಎನ್ನುತ್ತಾರೆ. ಇಂಥ ಕಡೆ ಅಧಿಕಾರಿ ಆದೇಶ ಮಾಡಬಹುದು, ಒಪ್ಪಿಸುವುದು ಕಷ್ಟ. ಒಪ್ಪಿಸುವುದು ಮತ ಕೇಳಿ ಬಂದವರ ಕೆಲಸ.

ಬಜೆಟ್ ಕಥೆ ಇನ್ನೂ ನೇರ. ಕಂದಾಯ ಎಷ್ಟು ಏರಿಸಬೇಕು, ಯಾವ ವಾರ್ಡಿಗೆ ಎಷ್ಟು ಕಾಮಗಾರಿ ಎಂಬುದು ಸಭೆಯಲ್ಲಿ ಚರ್ಚೆಯಾಗಿ, ಪತ್ರಿಕೆಯಲ್ಲಿ ಬಂದು, ಜನಕ್ಕೆ ಗೊತ್ತಾಗುತ್ತಿತ್ತು. ಈಗ ಅಧಿಕಾರಿಗಳು ಸಿದ್ಧ ಮಾಡಿದ್ದನ್ನು ಆಡಳಿತಾಧಿಕಾರಿ ಒಪ್ಪುತ್ತಾರೆ. ಅದರಲ್ಲಿ ತಪ್ಪು ಇದೆ ಎಂದಲ್ಲ. ತಪ್ಪು ಇದ್ದರೂ ಎದ್ದು ನಿಂತು ಪ್ರಶ್ನೆ ಕೇಳುವವರು ಆ ಕೋಣೆಯಲ್ಲಿ ಇಲ್ಲ. ಲೆಕ್ಕಪತ್ರ ಸ್ಥಾಯಿ ಸಮಿತಿ ಖರ್ಚನ್ನು ಪರಿಶೀಲಿಸಬೇಕು. ಈಗ ಖರ್ಚು ಮಾಡುವ ವ್ಯವಸ್ಥೆಯೇ ಪರಿಶೀಲನೆಯನ್ನೂ ಮಾಡಬೇಕಾಗಿದೆ. ವಾರ್ಡ್ ಸಮಿತಿಗೆ ಆ ವಾರ್ಡಿನ ಸದಸ್ಯರೇ ಅಧ್ಯಕ್ಷರು. ಸದಸ್ಯರಿಲ್ಲದ ಮೇಲೆ ಆ ದಾರಿಯೂ ಮುಚ್ಚಿತು.

‘ಕಾರ್ಪೊರೇಟರ್‌ಗಳು ಇದ್ದಾಗ ಏನು ಮಹಾ ಆಗಿತ್ತು? ಗಲಾಟೆ, ಕಮಿಷನ್, ವರ್ಷಕ್ಕೊಬ್ಬ ಮೇಯರ್’ ಎಂಬ ಮಾತಿಗೆ ಆಧಾರ ಇಲ್ಲದೆ ಇಲ್ಲ. ಒಂದೇ ವರ್ಷದ ಅವಧಿಯಲ್ಲಿ ಮೇಯರ್ ಒಂದು ಯೋಜನೆ ಕೈಗೆತ್ತಿಕೊಂಡು ಮುಗಿಸುವುದು ಆಗದ ಮಾತು. ಆ ನಿಯಮ ಬದಲಾಗಬೇಕು. ಆದರೆ ಕೆಟ್ಟ ಕಾರ್ಪೊರೇಟರ್‌ನನ್ನು ಐದು ವರ್ಷಕ್ಕೊಮ್ಮೆ ಮನೆಗೆ ಕಳಿಸಬಹುದು. ವಲಯ ಕಚೇರಿಯ ಬಾಗಿಲಲ್ಲಿ ಖಾತೆಗೆ ಅಲೆಯುವ ಮುದುಕಿಗೆ, ಒಳಚರಂಡಿ (ಯುಜಿಡಿ) ಉಕ್ಕಿದ ಬೀದಿಯವರಿಗೆ ಅಧಿಕಾರಿಯನ್ನು ಬದಲಿಸುವ ಶಕ್ತಿ ಇಲ್ಲ. ಈಗ ಅವರೆಲ್ಲ ಶಾಸಕರ ಮನೆ ಮುಂದೆ ನಿಲ್ಲಬೇಕು. ಪಾಲಿಕೆಯ ಬಹುಪಾಲು ಕೃಷ್ಣರಾಜ, ಚಾಮರಾಜ, ನರಸಿಂಹರಾಜ ಈ ಮೂರು ಕ್ಷೇತ್ರಗಳಲ್ಲಿ ಹಂಚಿದೆ. 65 ಬಾಗಿಲು ಇದ್ದ ಕಡೆ ಕೆಲವೇ ಬಾಗಿಲು ಉಳಿದಿವೆ. ಶಾಸಕರ ಕೈಗೆ ಅಧಿಕಾರ ಸೇರುವುದರಿಂದ ಪಾಲಿಕೆ ಚುನಾವಣೆ ಬಗ್ಗೆ ಯಾವ ಪಕ್ಷಕ್ಕೂ ನಿಜವಾದ ತುರ್ತು ಇರುವುದಿಲ್ಲ. ತಡದ ಬಗ್ಗೆ ಮಾತಾಡುವಾಗ ಇದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಅಲ್ವಾ?

ದಸರಾ ಕಾಲ, ಪ್ರತಿನಿಧಿಗಳ ಕಾಲ

ಇಲ್ಲಿ ಮೈಸೂರಿನ ಚರಿತ್ರೆಯ ಒಂದು ಪುಟ ನೆನಪಿಸಲೇಬೇಕು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ಅದರ ಮೊದಲ ಅಧಿವೇಶನ 1881ರ ಅಕ್ಟೋಬರ್ 7ರಂದು. ಆ ಹೊತ್ತನ್ನೇ ಆರಿಸಿದ್ದು ದಸರಾ ಕಾರಣಕ್ಕೆ. ಹಬ್ಬಕ್ಕೆ ಸಂಸ್ಥಾನದ ಎಲ್ಲ ಕಡೆಯಿಂದ ರೈತರು, ವರ್ತಕರು ರಾಜಧಾನಿಗೆ ಬರುತ್ತಾರೆ, ಆಗಲೇ ಅವರ ಮುಂದೆ ಆಡಳಿತದ ವರದಿ ಇಟ್ಟು, ಅವರ ಅಹವಾಲು ಕೇಳೋಣ ಎಂಬ ಯೋಚನೆ. ಮುಂದೆ ಹಲವು ದಶಕ ದಸರಾ ಅಧಿವೇಶನ ರೂಢಿಯಾಗಿ ಉಳಿಯಿತು. ರಂಗಾಚಾರ್ಲು ನೆನಪಿಗೆ ಕಟ್ಟಿದ ಪುರಭವನ ಇಂದೂ ಅರಮನೆಯ ಹತ್ತಿರ ನಿಂತಿದೆ.

ರಾಜರ ಆಳ್ವಿಕೆಯಲ್ಲೇ ಹಬ್ಬ ಮತ್ತು ಪ್ರಜೆಗಳ ಮಾತು ಜೊತೆಯಾಗಿದ್ದವು. ಈಗ ಅದೇ ಊರಿನಲ್ಲಿ ಎರಡು ದಸರಾ ನಗರದ ಚುನಾಯಿತ ಪ್ರತಿನಿಧಿಗಳಿಲ್ಲದೆ ಕಳೆದಿವೆ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದಿದ್ದು ಅಲ್ಲೂ ಚುನಾವಣೆ ಆಗಿಲ್ಲ. ಇದು ಸಣ್ಣ ಸಂಗತಿ ಎಂದು ಬಿಟ್ಟುಬಿಡಲು ಮನಸ್ಸು ಒಪ್ಪುವುದಿಲ್ಲ.

ಚುನಾವಣೆ ನಿಂತಿರುವುದು ಎಲ್ಲಿ

ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಆದರೆ ಆಯೋಗ ತಾನಾಗಿ ದಿನಾಂಕ ಘೋಷಿಸಲು ಆಗುವುದಿಲ್ಲ. ಮೊದಲು ರಾಜ್ಯ ಸರ್ಕಾರ ವಾರ್ಡ್‌ಗಳ ಗಡಿ ಗುರುತಿಸಬೇಕು. ಆಮೇಲೆ ಯಾವ ವಾರ್ಡ್ ಯಾರಿಗೆ ಮೀಸಲು ಎಂಬ ಪಟ್ಟಿ ಕೊಡಬೇಕು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಜೊತೆಗೆ ಮಹಿಳೆಯರಿಗೆ ಅರ್ಧ. ಅದಾದ ಮೇಲೆಯೇ ಮತದಾರರ ಪಟ್ಟಿಯನ್ನು ವಾರ್ಡ್‌ವಾರು ಮಾಡಿ ದಿನಾಂಕ ಹೇಳಲು ಸಾಧ್ಯ. ಸರ್ಕಾರ ಈ ಎರಡರಲ್ಲಿ ಒಂದನ್ನು ಕೊಡದಿದ್ದರೂ ಸಾಕು, ಆಯೋಗ ಸುಮ್ನೆ ಕಾಯಬೇಕು. ಕೊಟ್ಟ ಪಟ್ಟಿಯಲ್ಲಿ ಲೋಪ ಇದ್ದರೆ ಯಾರೋ ಕೋರ್ಟಿಗೆ ಹೋಗುತ್ತಾರೆ, ಮತ್ತೆ ಕಾಯಬೇಕು.

ಹಿಂದುಳಿದ ವರ್ಗಗಳ ಮೀಸಲಾತಿಯದು ಪ್ರತ್ಯೇಕ ತೊಡಕಾಗಿತ್ತು. ಸುಪ್ರೀಂ ಕೋರ್ಟ್ 2021ರಲ್ಲಿ ಮೂರು ಷರತ್ತು ಹಾಕಿತು: ಆಯೋಗ ರಚಿಸಿ ಅಧ್ಯಯನ ಮಾಡಬೇಕು, ಅದರ ಆಧಾರದ ಮೇಲೆ ಪ್ರಮಾಣ ಗೊತ್ತು ಮಾಡಬೇಕು, ಒಟ್ಟು ಮೀಸಲಾತಿ ಶೇ 50 ದಾಟಬಾರದು. ಕರ್ನಾಟಕ ನ್ಯಾಯಮೂರ್ತಿ ಭಕ್ತವತ್ಸಲ ಅವರ ಆಯೋಗ ರಚಿಸಿತು. 2022ರಲ್ಲಿ ವರದಿ ಬಂತು. ಅಂದರೆ ಆ ತೊಡಕು ಮೈಸೂರು ಪಾಲಿಕೆಯ ಅವಧಿ ಮುಗಿಯುವ ಮೊದಲೇ ಬಗೆಹರಿಯುವ ಹಾದಿಗೆ ಬಂದಿತ್ತು.

ಕಾನೂನು ಈ ವಿಷಯದಲ್ಲಿ ಸ್ಪಷ್ಟ. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಎಂದು 243ಯು ವಿಧಿ ಹೇಳುತ್ತದೆ. ಮಧ್ಯದಲ್ಲಿ ಮಂಡಳಿ ವಿಸರ್ಜನೆ ಆದರೂ ಆರು ತಿಂಗಳೊಳಗೆ ನಡೆಸಬೇಕು. 2006ರಲ್ಲಿ ಅಹಮದಾಬಾದ್ ಪಾಲಿಕೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒತ್ತಿ ಹೇಳಿತು. 2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿ, ವಾರ್ಡ್ ವಿಂಗಡಣೆ ಮುಗಿದಿಲ್ಲ ಎಂಬ ಕಾರಣಕ್ಕೂ ತಡ ಮಾಡುವಂತಿಲ್ಲ, ಹಳೆಯ ವಾರ್ಡ್‌ಗಳ ಮೇಲೆಯೇ ನಡೆಸಿ ಎಂದಿತು. ಇಷ್ಟಿದ್ದೂ ತಡ ಆಗುತ್ತಿರುವುದಕ್ಕೆ ಕಾರಣ ಸರಳ: ತಡ ಮಾಡಿದ ಸರ್ಕಾರಕ್ಕೆ ತಕ್ಷಣ ಆಗುವ ನಷ್ಟ ಏನೂ ಇಲ್ಲ.

ಬೃಹತ್ ಮೈಸೂರಿನ ವಾದ, ಪ್ರತಿವಾದ

ಮೈಸೂರು ಪಾಲಿಕೆ ಆದದ್ದು 1977ರಲ್ಲಿ. 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ ಸುಮಾರು 9 ಲಕ್ಷ. ಆಮೇಲೆ ಊರು ಹೊರವರ್ತುಲ ರಸ್ತೆ ದಾಟಿ ಬೆಳೆಯಿತು. ಬಡಾವಣೆಗಳು ಬಂದವು, ಕಂದಾಯ ಬೇರೆ ಬೇರೆ ಕಡೆ ಹೋಯಿತು. ಹೂಟಗಳ್ಳಿ ನಗರಸಭೆ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳು ಹುಟ್ಟಿದ್ದು ಈ ಬೆಳವಣಿಗೆಯಿಂದಲೇ. ಇವನ್ನೂ ಅಕ್ಕಪಕ್ಕದ ಕೆಲವು ಗ್ರಾಮ ಪಂಚಾಯಿತಿಗಳನ್ನೂ ಒಂದೇ ಪಾಲಿಕೆಗೆ ತರಬೇಕು ಎಂಬುದು ಪ್ರಸ್ತಾಪದ ತಿರುಳು.

ಪರವಾಗಿ ಹೇಳುವವರ ಮಾತಿನಲ್ಲಿ ಹುರುಳಿದೆ. ಒಂದೇ ರಸ್ತೆಯ ಈ ಬದಿ ಪಾಲಿಕೆ, ಆ ಬದಿ ಪಟ್ಟಣ ಪಂಚಾಯಿತಿ ಎಂದಾದರೆ ಚರಂಡಿ ಎಲ್ಲಿ ಸೇರಬೇಕು, ಕಸ ಯಾರು ಎತ್ತಬೇಕು ಎಂಬುದು ಬಗೆಹರಿಯದ ಜಗಳ. ನೀರು, ಯುಜಿಡಿ, ಬಸ್ಸು, ರಸ್ತೆ ಎಲ್ಲವನ್ನೂ ಒಟ್ಟಾಗಿ ಯೋಚಿಸಿದರೆ ಮಾತ್ರ ಊರು ಬೆಂಗಳೂರಿನಂತೆ ಅಡ್ಡಾದಿಡ್ಡಿ ಆಗುವುದು ತಪ್ಪುತ್ತದೆ. ಈಗ 65 ವಾರ್ಡಿಗೆ ಚುನಾವಣೆ ಮಾಡಿ, ಎರಡೇ ವರ್ಷದಲ್ಲಿ ಗಡಿ ಬದಲಾದರೆ ಆ ಖರ್ಚು ವ್ಯರ್ಥ ಎಂಬುದೂ ಅವರ ಲೆಕ್ಕ.

ಅವಸರಕ್ಕೆ ಇನ್ನೊಂದು ಕಾರಣ ಜನಗಣತಿ. ಮುಂದಿನ ಎಣಿಕೆ 2027ರ ಫೆಬ್ರವರಿಯಲ್ಲಿ. ಅದಕ್ಕಾಗಿ ಊರು, ಪಟ್ಟಣಗಳ ಆಡಳಿತ ಗಡಿ ಬದಲಿಸುವುದಿದ್ದರೆ 2025ರ ಡಿಸೆಂಬರ್ 31ರೊಳಗೆ ಮುಗಿಸಿ ಎಂದು ರಾಜ್ಯಗಳಿಗೆ ಸೂಚನೆ ಬಂದಿತ್ತು. ಆಮೇಲೆ ಎಣಿಕೆ ಮುಗಿಯುವ ತನಕ ಗಡಿ ಮುಟ್ಟುವಂತಿಲ್ಲ.

ವಿರೋಧಿಸುವವರು ಎಲ್ಲರೂ ವಿಸ್ತರಣೆಯನ್ನೇ ವಿರೋಧಿಸುತ್ತಿಲ್ಲ, ಅದನ್ನು ಗಮನಿಸಬೇಕು. ಅವರ ಪ್ರಶ್ನೆ ಕ್ರಮದ ಬಗ್ಗೆ. ವಿಸ್ತರಣೆ ಆಗುವ ತನಕ ಚುನಾವಣೆ ಬೇಡ ಎಂದರೆ ಆ ‘ತನಕ’ ಎಷ್ಟು ದಿನ? ಅವರ ಕಣ್ಣ ಮುಂದೆ ಬೆಂಗಳೂರು ಇದೆ. ಅಲ್ಲಿ ಕೊನೆಯ ಪಾಲಿಕೆ ಚುನಾವಣೆ 2015ರಲ್ಲಿ ನಡೆಯಿತು. 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿಯಿತು. ವಾರ್ಡ್ ಸಂಖ್ಯೆ 198 ಇದ್ದದ್ದು 243 ಆಯಿತು, ಮತ್ತೆ 225 ಆಯಿತು. ಈಗ ಅದನ್ನೇ ಒಡೆದು 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆ ಮಾಡಲಾಗಿದೆ. ಪ್ರತಿ ಬದಲಾವಣೆಗೂ ಒಂದು ಒಳ್ಳೆಯ ಕಾರಣ ಇತ್ತು. ಪ್ರತಿ ಕಾರಣದ ಹಿಂದೆಯೂ ಚುನಾವಣೆ ಮುಂದಕ್ಕೆ ಹೋಯಿತು.

ಹೊರವಲಯದವರ ಲೆಕ್ಕವೇ ಬೇರೆ

ಪಾಲಿಕೆಗೆ ಸೇರುವ ಊರುಗಳಲ್ಲಿ ಎರಡು ಬಗೆಯ ಜನ ಇದ್ದಾರೆ. ಬಡಾವಣೆಯಲ್ಲಿ ಮನೆ ಕಟ್ಟಿಕೊಂಡವರಿಗೆ ಸೇರ್ಪಡೆ ಬೇಕು. ಬೋರ್‌ವೆಲ್ ನೀರು ಬಿಟ್ಟು ಕಾವೇರಿ, ಕಬಿನಿ ನೀರು ಬರಲಿ, ಯುಜಿಡಿ ಆಗಲಿ, ಖಾತೆ ಗೊಂದಲ ತೀರಲಿ ಎಂಬ ಆಸೆ. ಹಳೆಯ ಊರಿನವರಿಗೆ ಹೆದರಿಕೆ ಜಾಸ್ತಿ. ಕಂದಾಯ ಏರುತ್ತದೆ. ಗ್ರಾಮೀಣ ಉದ್ಯೋಗ ಯೋಜನೆಯ ಕೂಲಿ ಹಳ್ಳಿಗೆ ಮಾತ್ರ, ನಗರಕ್ಕೆ ಸೇರಿದ ದಿನವೇ ಅದು ಹೋಗುತ್ತದೆ. ಗೋಮಾಳ, ಕೆರೆ, ಸ್ಮಶಾನದ ಜಾಗಗಳ ಮೇಲಿನ ಮಾತು ಕೈತಪ್ಪುತ್ತದೆ.

ಸದಸ್ಯರ ಲೆಕ್ಕವನ್ನೂ ಇಲ್ಲಿ ನೋಡಬೇಕು. ಗ್ರಾಮ ಪಂಚಾಯಿತಿಯಲ್ಲಿ ಸುಮಾರು 400 ಜನರಿಗೆ ಒಬ್ಬ ಸದಸ್ಯ. ಮೈಸೂರು ಪಾಲಿಕೆಯಲ್ಲಿ 2011ರ ಜನಸಂಖ್ಯೆ ಹಿಡಿದರೂ ಒಬ್ಬ ಕಾರ್ಪೊರೇಟರ್‌ಗೆ 13 ಸಾವಿರಕ್ಕೂ ಹೆಚ್ಚು ಜನ. ಹಳ್ಳಿಯಲ್ಲಿ ಸದಸ್ಯ ಪಕ್ಕದ ಬೀದಿಯವನು, ಹೆಸರು ಹಿಡಿದು ಕರೆಯಬಹುದು. ನಗರಕ್ಕೆ ಸೇರಿದರೆ ಆ ಹತ್ತಿರದ ನಂಟು ಇಲ್ಲವಾಗುತ್ತದೆ. ಅದರ ಮೇಲೆ ಚುನಾವಣೆಯೂ ತಡವಾದರೆ ಆ ದೂರದ ಕಾರ್ಪೊರೇಟರ್ ಕೂಡ ಇರುವುದಿಲ್ಲ. ಸೇರ್ಪಡೆಯ ನೋವನ್ನು ಯಾರ ಮುಂದೆ ಹೇಳಬೇಕೋ ಆ ಸಭೆಯೇ ಇಲ್ಲದ ಹೊತ್ತಿನಲ್ಲಿ ಸೇರ್ಪಡೆ ಆಗುತ್ತದೆ. ಇದು ನ್ಯಾಯ ಅಲ್ಲ.

ನೀರಿನ ಮಾತು ಬಂದಾಗ ಹಳೇ ಉಂಡುವಾಡಿ ಯೋಜನೆಯನ್ನು ಮರೆಯುವಂತಿಲ್ಲ. ಕೆಆರ್‌ಎಸ್ ಹಿನ್ನೀರಿನಿಂದ ನಗರಕ್ಕೂ ಸುತ್ತಲಿನ ಊರುಗಳಿಗೂ ನೀರು ತರುವ ಯೋಜನೆ ಇದು. ಗಡಿಯನ್ನು ಕಾಗದದ ಮೇಲೆ ಒಂದೇ ದಿನದಲ್ಲಿ ಹಿಗ್ಗಿಸಬಹುದು, ಕೊಳವೆ ಹಾಗೆ ಹಿಗ್ಗುವುದಿಲ್ಲ. ನೀರು ಬರುವ ಮೊದಲೇ ನಗರದ ಕಂದಾಯ ಬಂದರೆ ಹೊರವಲಯದ ಜನ ಮೋಸ ಹೋದೆವು ಎಂದುಕೊಳ್ಳುವುದರಲ್ಲಿ ಆಶ್ಚರ್ಯ ಇಲ್ಲ.

ಮುಂದೆ ಏನಾಗಬಹುದು

ವಿಸ್ತರಣೆ ಮೊದಲು ಎಂಬ ದಾರಿ ಹಿಡಿದರೆ ಹಂತಗಳು ಹೀಗಿರುತ್ತವೆ. ಕರಡು ಅಧಿಸೂಚನೆ. ಅದಕ್ಕೆ ಆಕ್ಷೇಪಣೆ ಸಲ್ಲಿಸಲು ಸಮಯ. ಅಂತಿಮ ಅಧಿಸೂಚನೆ. ಹೊಸ ವಾರ್ಡ್ ವಿಂಗಡಣೆ, ಅದಕ್ಕೂ ಆಕ್ಷೇಪಣೆ. ಮೀಸಲಾತಿ ಪಟ್ಟಿ, ಮತ್ತೆ ಆಕ್ಷೇಪಣೆ. ಮತದಾರರ ಪಟ್ಟಿ. ಯಾವ ಹಂತದಲ್ಲೂ ಕೋರ್ಟಿಗೆ ಹೋಗುವ ದಾರಿ ತೆರೆದಿರುತ್ತದೆ. ಇದೆಲ್ಲ ಕೆಲವೇ ತಿಂಗಳಲ್ಲಿ ಮುಗಿಯುತ್ತದೆ ಎಂದು ನಂಬುವುದು ಕಷ್ಟ. ಇನ್ನೊಂದು ದಸರಾ ಹೀಗೆಯೇ ಕಳೆಯುವ ಸಾಧ್ಯತೆಯೇ ಜಾಸ್ತಿ.

65 ವಾರ್ಡಿಗೆ ಈಗಲೇ ಚುನಾವಣೆ ಎಂಬ ದಾರಿ ಹಿಡಿದರೆ ಕೌನ್ಸಿಲ್ ಬೇಗ ಬರುತ್ತದೆ. ವಿಸ್ತರಣೆಯ ಚರ್ಚೆ ಆ ಕೌನ್ಸಿಲ್ ಎದುರೇ ನಡೆಯಬಹುದು. ತೊಂದರೆ ಎಂದರೆ ಜನಗಣತಿ ಮುಗಿದ ಮೇಲೆ ಹೊಸ ಗಡಿ ಬಂದಾಗ ಸೇರಿದ ಊರುಗಳಿಗೆ ತಾತ್ಕಾಲಿಕ ಪ್ರಾತಿನಿಧ್ಯ ಹೇಗೆ ಎಂಬುದನ್ನು ಬಗೆಹರಿಸಬೇಕು. ಈ ತೊಂದರೆ ಇದ್ದರೂ ಇದೇ ಹೆಚ್ಚು ಸರಿಯಾದ ದಾರಿ ಎನಿಸುತ್ತದೆ. ಒಂದು ಊರಿನ ಆಕಾರವನ್ನೇ ಬದಲಿಸುವ ತೀರ್ಮಾನದ ಹೊತ್ತಿಗೆ ಆ ಊರು ಆರಿಸಿದವರು ಕೋಣೆಯಲ್ಲಿ ಇರಬೇಕು.

ಸರ್ಕಾರ ವಿಸ್ತರಣೆಯ ದಾರಿಯನ್ನೇ ಹಿಡಿದರೆ ಜನ ಕೇಳಬೇಕಾದ್ದು ಪ್ರತಿ ಹಂತದ ದಿನಾಂಕ. ಕರಡು ಅಧಿಸೂಚನೆಗೆ ಆಕ್ಷೇಪಣೆ ಬರೆಯುವಾಗ ‘ನಮ್ಮ ಊರು ಬೇಡ’ ಅಥವಾ ‘ಬೇಕು’ ಎಂದಷ್ಟೇ ಬರೆದರೆ ಸಾಲದು. ವಾರ್ಡ್ ವಿಂಗಡಣೆ ಯಾವ ತಿಂಗಳು, ಮೀಸಲಾತಿ ಪಟ್ಟಿ ಯಾವಾಗ, ಹೊಸ ಪ್ರದೇಶಕ್ಕೆ ಕಂದಾಯದ ದರ ಎಷ್ಟು ವರ್ಷ ಹಳೆಯದೇ ಇರುತ್ತದೆ, ನೀರು ಯಾವಾಗ ಬರುತ್ತದೆ ಎಂದು ಲಿಖಿತವಾಗಿ ಕೇಳಬೇಕು. ಲಿಖಿತ ಆಕ್ಷೇಪಣೆಯನ್ನು ಸರ್ಕಾರ ಪರಿಗಣಿಸಲೇಬೇಕು, ಮುಂದೆ ಕೋರ್ಟಿನಲ್ಲಿ ಅದೇ ದಾಖಲೆಯೂ ಆಗುತ್ತದೆ.

ಹಣದ ಕಡೆಯೂ ಪರಿಣಾಮ ಇದೆ. ಚುನಾಯಿತ ಮಂಡಳಿ ಇಲ್ಲದ ಸಂಸ್ಥೆಗೆ ಕೇಂದ್ರ ಹಣಕಾಸು ಆಯೋಗದ ಅನುದಾನ ಸಿಗುವುದು ಕಷ್ಟವಾಗುತ್ತದೆ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ವಿಷಯದಲ್ಲಿ ರಾಜ್ಯ ಈಗಾಗಲೇ ಈ ಪೆಟ್ಟು ತಿಂದಿದೆ. ಹಬ್ಬಕ್ಕೆ ರಾಜ್ಯದ ದುಡ್ಡು ಬರುತ್ತದೆ, ಪ್ರಾಯೋಜಕರು ಸಿಗುತ್ತಾರೆ, ವಿಶೇಷ ಪ್ರವೇಶದ ಗೋಲ್ಡ್ ಕಾರ್ಡ್ ಮಾರಾಟ ಆಗುತ್ತದೆ. ಹೆಬ್ಬಾಳದ ಚರಂಡಿಗೆ ಪ್ರಾಯೋಜಕರು ಸಿಗುವುದಿಲ್ಲ. ಅದಕ್ಕೆ ಪಾಲಿಕೆಯ ಸ್ವಂತ ಹಣ, ಇಲ್ಲವೇ ಅನುದಾನವೇ ಬೇಕು.

ಕೊನೆಯದಾಗಿ, ಮತದಾನ ನಡೆದ ಮಾತ್ರಕ್ಕೆ ಕೌನ್ಸಿಲ್ ಬಂತು ಎಂದುಕೊಳ್ಳುವಂತಿಲ್ಲ. 2018ರಲ್ಲಿ ಮತ ಎಣಿಕೆಗೂ ಮೇಯರ್ ಆಯ್ಕೆಗೂ ನಡುವೆ ಎರಡು ತಿಂಗಳಿಗೂ ಹೆಚ್ಚು ಸಮಯ ಹೋಯಿತು. ಆ ಅವಧಿಯಲ್ಲಿ ಗೆದ್ದವರಿಗೆ ಅಧಿಕಾರ ಇರಲಿಲ್ಲ, ಗೆಲ್ಲಿಸಿದವರಿಗೆ ಉತ್ತರ ಇರಲಿಲ್ಲ. ಮೇಯರ್, ಉಪಮೇಯರ್ ಮೀಸಲಾತಿಯನ್ನು ಹಿಂದಿನ ಸರದಿ ನೋಡಿ, ವಾರ್ಡ್ ಮೀಸಲಾತಿಯ ಜೊತೆಯಲ್ಲೇ, ಮತದಾನಕ್ಕೆ ಮೊದಲೇ ಪ್ರಕಟಿಸಿದರೆ ತಕರಾರು ಇರುವವರು ಆಗಲೇ ಕೋರ್ಟಿಗೆ ಹೋಗಬಹುದು, ಫಲಿತಾಂಶದ ಹೊತ್ತಿಗೆ ಅದು ಇತ್ಯರ್ಥವೂ ಆಗಬಹುದು. ಚುನಾವಣೆ ಘೋಷಣೆಯಾದ ದಿನ ಆ ಪಟ್ಟಿಯೂ ಜೊತೆಗೆ ಬಂದಿದೆಯಾ ಎಂದು ಮೈಸೂರಿನವರು ಮೊದಲು ನೋಡಬೇಕು.